ಮಲ್ಲಿಗೆ, ಗುಲಾಬಿ, ಕೊನೆಗೆ ಕಹಿ: ಈ ಬಿಳಿ ವೈನ್ ಯಾವ ದ್ರಾಕ್ಷಿಯದು?

ಸಂಜೆಗಾಳಿ

ಲೇಬಲ್ ಮುಚ್ಚಿಟ್ಟ ಒಂದು ಬಿಳಿ ವೈನ್. ನಮ್ಮ ಅಭ್ಯಾಸದ ಗುಂಪಿನಲ್ಲಿ ಇದರ ಬಗ್ಗೆ ಒಮ್ಮತವೇ ಬರಲಿಲ್ಲ. ಒಂದೇ ತಳಿಯ ದ್ರಾಕ್ಷಿ, ಇತ್ತೀಚಿನ ಸುಗ್ಗಿಯದು ಎಂದಷ್ಟೇ ಹೇಳಿದ್ದಾರೆ. ಉತ್ತರ ನಾಳೆ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಯೋಚಿಸುವ ದಾರಿ ಹೇಗಿರಬೇಕು ಅಂತ ನಿಮ್ಮಿಂದ ಕೇಳಬೇಕು ಅನಿಸಿತು.

ನನ್ನ ಟಿಪ್ಪಣಿ ಹೀಗಿದೆ. ಬಣ್ಣ ತೆಳು ನಿಂಬೆ, ಅಂಚಿನಲ್ಲಿ ಸ್ವಲ್ಪ ಹಸಿರು. ಘಮ ತುಂಬಾ ಜೋರು, ಲೋಟ ಮೂಗಿನ ಹತ್ತಿರ ತರುವ ಮೊದಲೇ ಬರುತ್ತದೆ. ಗುಲಾಬಿ, ಮಲ್ಲಿಗೆ, ಪೀಚ್, ಕಿತ್ತಳೆ ಸಿಪ್ಪೆ, ಜೊತೆಗೆ ಯಾವುದೋ ಒಣ ಸೊಪ್ಪು. ಬಾಯಲ್ಲಿ ಸಿಹಿ ಇಲ್ಲವೇ ಇಲ್ಲ. ಹುಳಿ ಮಧ್ಯಮ. ಆಲ್ಕೋಹಾಲ್ ಶೇ 13.5ರ ಆಸುಪಾಸು ಇರಬಹುದು, ಗಂಟಲಲ್ಲಿ ಬಿಸಿ ಗೊತ್ತಾಗುತ್ತದೆ. ಕೊನೆಯಲ್ಲಿ ಕಹಿ.

ಗುಂಪಿನಲ್ಲಿ ಅರ್ಧ ಜನ ಗೆವುರ್ಟ್ಸ್‌ಟ್ರಾಮಿನರ್ ಅಂದರು. ಉಳಿದವರು ಮಸ್ಕಟ್. ಒಬ್ಬರು ವಿಯೊನ್ಯೇ ಅಂತ ಗಟ್ಟಿಯಾಗಿ ನಿಂತರು. ಎಲ್ಲರೂ ಘಮದ ಮೇಲೆಯೇ ವಾದ ಮಾಡಿದೆವು. ಇವನ್ನು ನಿಜವಾಗಿ ಬೇರ್ಪಡಿಸುವುದು ಯಾವುದು?

ಹಳೇಬಾಟಲಿ

ಘಮದಿಂದ ಕುಟುಂಬ ಗೊತ್ತಾಗುತ್ತದೆ. ಕುಟುಂಬದಲ್ಲಿ ಯಾರು ಅನ್ನುವುದನ್ನು ನಾಲಿಗೆ ಹೇಳುತ್ತದೆ. ಈ ಥರದ ವೈನ್‌ಗಳಲ್ಲಿ ಜಾಸ್ತಿ ಜನ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತಾರೆ.

ಮೊದಲು ಕುಟುಂಬ ನೋಡೋಣ. ಘಮ ಜೋರಾಗಿರುವ ಬಿಳಿ ವೈನ್‌ಗಳಲ್ಲಿ ಸುವಾಸನೆಗೆ ಮುಖ್ಯ ಕಾರಣ ಕೆಲವೇ ಬಗೆಯ ಅಣುಗಳು. ಹೂವು, ಕಿತ್ತಳೆ ಸಿಪ್ಪೆ, ತಾಜಾ ದ್ರಾಕ್ಷಿ ಅನಿಸಿದರೆ ಅದು ಟರ್ಪೀನ್‌ಗಳ ಕೆಲಸ. ಪ್ಯಾಶನ್ ಫ್ರೂಟ್, ಗ್ರೇಪ್‌ಫ್ರೂಟ್ ಅನಿಸಿದರೆ ಥಯಾಲ್‌ಗಳು. ಹಸಿ ದೊಣ್ಣೆಮೆಣಸು, ಕೊಯ್ದ ಹುಲ್ಲು ಅನಿಸಿದರೆ ಪೈರಜೀನ್‌ಗಳು. ನಿಮ್ಮ ಟಿಪ್ಪಣಿ ಪೂರ್ತಿ ಟರ್ಪೀನ್ ಕಡೆಗಿದೆ. ಹಾಗಾಗಿ ಥಯಾಲ್, ಪೈರಜೀನ್ ಘಮಕ್ಕೆ ಹೆಸರಾದ ಸೋವಿನ್ಯೋನ್ ಬ್ಲಾಂ ತಳಿಯ ಬಗ್ಗೆ ಯೋಚಿಸುವುದೇ ಬೇಡ.

ಇನ್ನು ನಾಲಿಗೆ. ಇಲ್ಲಿ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹುಳಿ ಎಷ್ಟು? ಆಲ್ಕೋಹಾಲ್ ಎಷ್ಟು? ಬಾಯಲ್ಲಿ ಎಣ್ಣೆಯ ಹಾಗೆ ದಪ್ಪವಾಗಿದೆಯಾ, ನೀರಿನ ಹಾಗೆ ಹಗುರವಾಗಿದೆಯಾ? ಕಹಿ ಇದೆಯಾ? ನಿಮ್ಮ ಟಿಪ್ಪಣಿಯಲ್ಲಿ ಮೂರನೆಯದಕ್ಕೆ ಉತ್ತರ ಇಲ್ಲ. ಅದೇ ಇಲ್ಲಿ ಮುಖ್ಯ.

ಇನ್ನೊಂದು ಮಾತು. ಗೆವುರ್ಟ್ಸ್‌ಟ್ರಾಮಿನರ್ ಕಾಯಿಯ ಸಿಪ್ಪೆ ಗುಲಾಬಿ ಬಣ್ಣದ್ದು. ಅದರ ವೈನ್ ಸಾಮಾನ್ಯವಾಗಿ ಗಾಢ ಚಿನ್ನದ ಬಣ್ಣಕ್ಕೆ ಹೋಗುತ್ತದೆ, ಒಮ್ಮೊಮ್ಮೆ ತಾಮ್ರದ ಛಾಯೆಯೂ ಇರುತ್ತದೆ. ಹಸಿರು ಅಂಚಿನ ತೆಳು ಬಣ್ಣ ನೋಡಿದರೆ ನನಗೆ ಅನುಮಾನ.

ಕಾಡುಮಲ್ಲಿಗೆ

ಬಣ್ಣ ನೋಡಿ ಗೆವುರ್ಟ್ಸ್‌ಟ್ರಾಮಿನರ್ ಅನ್ನು ಹೊರಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಫ್ರಾನ್ಸಿನ ಅಲ್ಸೇಸ್‌ನ ವೈನ್ ಮಾತ್ರ ಮನಸ್ಸಿನಲ್ಲಿಟ್ಟುಕೊಂಡರೆ ಹಾಗೆ ಅನಿಸುತ್ತದೆ. ಇಟಲಿಯ ಆಲ್ಟೊ ಆಡಿಜೆಯಲ್ಲಿ, ಟ್ರಾಮಿನ್ ಊರಿನ ಸುತ್ತ ಬೆಳೆಯುವುದು ಇದೇ ತಳಿ. ಅಲ್ಲಿನ ವೈನ್ ಎಷ್ಟೋ ಸಲ ತೆಳು ಬಣ್ಣದ್ದಾಗಿರುತ್ತದೆ. ಸಿಹಿ ಇರುವುದಿಲ್ಲ. ಹುಳಿಯೂ ಸ್ವಲ್ಪ ಚುರುಕಾಗಿರುತ್ತದೆ. ಸಂಜೆಗಾಳಿ ಅವರ ಟಿಪ್ಪಣಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಬಣ್ಣ ನಮ್ಮ ಮೂಗನ್ನೇ ದಾರಿ ತಪ್ಪಿಸುತ್ತದೆ. ಬೋರ್ಡೋದಲ್ಲಿ ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಗೊತ್ತಿರಬಹುದು. ಅದು ಪ್ರಕಟವಾಗಿದ್ದು 2001ರಲ್ಲಿ. ಬಿಳಿ ವೈನ್‌ಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಆ ವೈನ್ ಅನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು. ಕಣ್ಣು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಮೂಗು ಅದನ್ನೇ ಒಪ್ಪಿಕೊಳ್ಳುತ್ತದೆ. ಅದಕ್ಕೇ ಕೆಲವರು ಕಪ್ಪು ಗಾಜಿನ ಲೋಟದಲ್ಲಿ ಅಭ್ಯಾಸ ಮಾಡುತ್ತಾರೆ. ನಾನೂ ಬಣ್ಣವನ್ನು ಕೊನೆಗೆ ನೋಡುತ್ತೇನೆ.

ರಸಾಯನಪ್ರಿಯ

ಗುಲಾಬಿ ವಾಸನೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಗುಂಪಿನ ಜಗಳ ಪೂರ್ತಿ ಅಲ್ಲೇ ಇದೆ ಅನಿಸುತ್ತದೆ.

ಗೆವುರ್ಟ್ಸ್‌ಟ್ರಾಮಿನರ್‌ನಲ್ಲಿ ಮುಖ್ಯವಾದ ಅಣು ಸಿಸ್-ರೋಸ್ ಆಕ್ಸೈಡ್. 1997ರಲ್ಲಿ ಹೆಲ್ಮುಟ್ ಗುತ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಇದು ಎಷ್ಟು ಪ್ರಬಲ ಅಂದರೆ ಲೀಟರಿಗೆ 0.2 ಮೈಕ್ರೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಅದಾದ ಎರಡು ವರ್ಷಕ್ಕೆ, 1999ರಲ್ಲಿ, ಆಂಗ್ ಮತ್ತು ಅಕ್ರೀ ಎಂಬ ಸಂಶೋಧಕರು ಲಿಚಿ ಹಣ್ಣನ್ನೂ ಗೆವುರ್ಟ್ಸ್‌ಟ್ರಾಮಿನರ್ ವೈನ್ ಅನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಎರಡರಲ್ಲೂ ಇದೇ ಅಣು ಮುಖ್ಯ ಪಾತ್ರದಲ್ಲಿತ್ತು. ಅಂದರೆ ನಮಗೆ ಲಿಚಿ ನೆನಪಾಗುವುದು ಸುಮ್ನೆ ಕಲ್ಪನೆ ಅಲ್ಲ. ಹಣ್ಣಿನಲ್ಲಿ ಇರುವುದೇ ಲೋಟದಲ್ಲೂ ಇದೆ.

ಆದರೆ ಗುಲಾಬಿ ವಾಸನೆ ಬರುವುದಕ್ಕೆ ಅದೊಂದೇ ಕಾರಣ ಅಲ್ಲ. ಮಸ್ಕಟ್ ಕುಟುಂಬದ ದ್ರಾಕ್ಷಿಗಳಲ್ಲಿ ಲಿನಲೂಲ್, ಜೆರಾನಿಯೋಲ್, ನೆರೋಲ್ ಜಾಸ್ತಿ. ಜೆರಾನಿಯೋಲ್ ಕೂಡ ಗುಲಾಬಿಯ ಹಾಗೇ ಘಮಿಸುತ್ತದೆ. ಲಿನಲೂಲ್‌ನಿಂದ ಹೂವು ಮತ್ತು ಕಿತ್ತಳೆಯ ಕಡೆಯ ವಾಸನೆ ಬರುತ್ತದೆ. ಹಾಗಾಗಿ ಬರೀ ಗುಲಾಬಿ ಅಂದರೆ ಏನೂ ತೀರ್ಮಾನ ಆಗುವುದಿಲ್ಲ. ಗುಲಾಬಿಯ ಜೊತೆ ಲಿಚಿ ಇದ್ದರೆ ಗೆವುರ್ಟ್ಸ್‌ಟ್ರಾಮಿನರ್ ಕಡೆಗೆ ನೋಡಿ. ಗುಲಾಬಿಯ ಜೊತೆ ಕಿತ್ತಳೆ ಸಿಪ್ಪೆ, ಹಸಿ ದ್ರಾಕ್ಷಿ ಇದ್ದರೆ ಮಸ್ಕಟ್ ಕಡೆಗೆ.

ಸಂಜೆಗಾಳಿ, ಲೋಟ ಸ್ವಲ್ಪ ಬೆಚ್ಚಗಾದ ಮೇಲೆ ಏನು ವಾಸನೆ ಬಂತು?

ಸಂಜೆಗಾಳಿ

ಒಳ್ಳೆಯ ಪ್ರಶ್ನೆ. ಬೆಚ್ಚಗಾದ ಮೇಲೆ ದ್ರಾಕ್ಷಿ ಹಣ್ಣಿನದೇ ವಾಸನೆ ಬಂತು. ಲಿಚಿ ಅಂತ ಗುಂಪಿನಲ್ಲಿ ಯಾರೂ ಬರೆದಿಲ್ಲ, ಗೆವುರ್ಟ್ಸ್‌ಟ್ರಾಮಿನರ್ ಅಂದವರೂ ಬರೆದಿಲ್ಲ!

ಹಳೇಬಾಟಲಿ ಕೇಳಿದ್ದಕ್ಕೆ: ಎಣ್ಣೆಯ ಹಾಗೆ ಇರಲಿಲ್ಲ. ಮೂಗಿನಲ್ಲಿ ಅಷ್ಟು ಜೋರಿದ್ದದ್ದು ಬಾಯಿಗೆ ಬಂದಾಗ ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು. ಸಿಹಿಯಾಗಿರುತ್ತದೆ ಅಂತ ಕಾಯುತ್ತಿದ್ದ ನಾಲಿಗೆಗೆ ಸಿಹಿ ಸಿಗಲೇ ಇಲ್ಲ. ಆಮೇಲೆ ಕಹಿ ಬಂತು, ಕಿತ್ತಳೆ ಸಿಪ್ಪೆಯ ಬಿಳಿ ಭಾಗ ಕಚ್ಚಿದ ಹಾಗೆ.

ಹಳೇಬಾಟಲಿ

ಹಾಗಿದ್ದರೆ ಗೆವುರ್ಟ್ಸ್‌ಟ್ರಾಮಿನರ್ ಬಿಡಿ. ಆಲ್ಟೊ ಆಡಿಜೆಯದಾದರೂ ಬಾಯಲ್ಲಿ ಆ ತೂಕ ಇದ್ದೇ ಇರುತ್ತದೆ. ಹುಳಿ ಕಡಿಮೆ, ಆಲ್ಕೋಹಾಲ್ ಜಾಸ್ತಿ, ಮೈ ದಪ್ಪ. ಈ ಮೂರೂ ಒಟ್ಟಿಗೆ ಬರುವುದು ಅದರ ಗುರುತು. ಕೊನೆಯಲ್ಲಿ ಸಣ್ಣ ಕಹಿ ಅದಕ್ಕೂ ಇದೆ, ನಿಜ. ಆದರೆ ಆ ಕಹಿ ಎಣ್ಣೆಯಂಥ ದಪ್ಪದ ಹಿಂದೆ ಬರುತ್ತದೆ. ಕಾಡುಮಲ್ಲಿಗೆ, ಬಣ್ಣದ ವಿಷಯದಲ್ಲಿ ನಿಮ್ಮ ಮಾತು ಸರಿ. ಬಣ್ಣ ಬಿಟ್ಟು ಮೈಯನ್ನು ಮಾತ್ರ ನೋಡಿದರೂ ಅದೇ ಉತ್ತರ ಬರುತ್ತದೆ.

ವಿಯೊನ್ಯೇ ಕೂಡ ಅಲ್ಲ. ಅದರ ತವರು ಫ್ರಾನ್ಸಿನ ಉತ್ತರ ರೋನ್‌ನ ಕೊಂದ್ರಿಯೊ. 1960ರ ದಶಕದಲ್ಲಿ ಅಲ್ಲಿ ಕೆಲವೇ ಹೆಕ್ಟೇರ್ ಉಳಿದು ಅಳಿವಿನ ಅಂಚಿಗೆ ಹೋಗಿದ್ದ ತಳಿ ಈಗ ಎಷ್ಟೋ ದೇಶಗಳಲ್ಲಿದೆ. ಅದರಲ್ಲಿ ಏಪ್ರಿಕಾಟ್, ಮಾಗಿದ ಪೀಚ್, ಹನಿಸಕಲ್ ಹೂವು ಮುಂದೆ ನಿಲ್ಲುತ್ತವೆ. ಹಣ್ಣು ಮೊದಲು, ಹೂವು ಆಮೇಲೆ. ನಿಮ್ಮಲ್ಲಿ ಹೂವು ಮೊದಲು. ಮೈ ಕೂಡ ದಪ್ಪ ಇರಬೇಕಿತ್ತು.

ಈಗ ಮಸ್ಕಟ್. ಅಲ್ಸೇಸ್‌ನ ಒಣ, ಅಂದರೆ ಸಿಹಿ ಇಲ್ಲದ, ಮಸ್ಕಟ್ ಹಗುರವಾಗಿರುತ್ತದೆ, ಆಲ್ಕೋಹಾಲ್ ಶೇ 12ರ ಸುತ್ತ ಇರುತ್ತದೆ. ಶೇ 13.5 ಮತ್ತು ಇಷ್ಟು ಸ್ಪಷ್ಟವಾದ ಕಹಿ ಅಂದರೆ ನನಗೆ ತೋಚುವುದು ಅರ್ಜೆಂಟೀನಾದ ಟೊರೊಂಟೆಸ್.

ಮಸ್ಕಟ್ ಅಂದವರ ಮೂಗೂ ಸರಿಯಾಗಿಯೇ ಕೆಲಸ ಮಾಡಿದೆ. ಟೊರೊಂಟೆಸ್ ರಿಯೋಹಾನೊ ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾದ ಮಗು. ಇನ್ನೊಂದು ಕಡೆಯ ಪೋಷಕ ಕ್ರಿಯೋಯಾ ಚೀಕಾ, ಸ್ಪೇನಿನವರು ಅಮೆರಿಕ ಖಂಡಕ್ಕೆ ತಂದ ಹಳೆಯ ತಳಿ. 2003ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಇದು ಖಚಿತವಾಯಿತು. ಘಮ ಮಸ್ಕಟ್ ಕಡೆಯಿಂದ ಬಂದಿದೆ. ಹಾಗಾಗಿ ಮೂಗಿನಿಂದ ಮಾತ್ರ ಇವೆರಡನ್ನು ಬೇರೆ ಮಾಡುವುದು ಕಷ್ಟ. ನಾಲಿಗೆ ಬೇಕೇ ಬೇಕು.

ಹುಳಿರಸ

ಟೊರೊಂಟೆಸ್ ಅನ್ನುವುದಕ್ಕೆ ಮುಂಚೆ ಗ್ರೀಸ್ ಕಡೆಗೂ ಒಮ್ಮೆ ನೋಡಿ. ಅಲ್ಲಿ ಎರಡು ತಳಿಗಳು ಈ ಟಿಪ್ಪಣಿಯ ಹತ್ತಿರ ಬರುತ್ತವೆ. ಹೀಗೆ ಲೇಬಲ್ ನೋಡದೆ ಬ್ಲೈಂಡ್ ಟೇಸ್ಟಿಂಗ್ ಮಾಡುವವರು ಅವನ್ನು ಮರೆತೇಬಿಡುತ್ತಾರೆ ಅನ್ನುವುದು ನನಗೆ ಬೇಜಾರು.

ಒಂದು ಮೊಸ್ಕೊಫಿಲೆರೊ. ಪೆಲೊಪೊನೀಸ್‌ನ ಮಂಟಿನಿಯಾ ಪ್ರಸ್ಥಭೂಮಿ ಅದರ ಊರು. ಎತ್ತರದ ತಣ್ಣನೆಯ ಜಾಗ. ಸಿಪ್ಪೆ ಗುಲಾಬಿ ಬಣ್ಣದ್ದು, ಘಮವೂ ಗುಲಾಬಿಯದೇ. ಆದರೆ ಹುಳಿ ಚುರುಕು. ಆಲ್ಕೋಹಾಲ್ ಸಾಮಾನ್ಯವಾಗಿ ಶೇ 11ರಿಂದ 12. ಗಂಟಲಲ್ಲಿ ಬಿಸಿ ಅಂತ ಬರೆದಿದ್ದೀರಿ, ಹಾಗಾಗಿ ಇದು ಆಗಲಾರದು.

ಇನ್ನೊಂದು ಮಾಲಗೂಸಿಯಾ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಹುತೇಕ ಕಣ್ಮರೆಯಾಗಿದ್ದ ಈ ತಳಿಯಿಂದ 1970ರ ದಶಕದಲ್ಲಿ ವಾಂಗೆಲಿಸ್ ಗೆರೊವಾಸಿಲಿಯು ಮತ್ತೆ ವೈನ್ ಮಾಡಿ ಉಳಿಸಿದರು. ಪೀಚ್, ಮಲ್ಲಿಗೆ, ಜೊತೆಗೆ ತುಳಸಿ ಅಥವಾ ಪುದೀನದ ಹಾಗೆ ಒಂದು ಸೊಪ್ಪಿನ ಘಮ. ಹುಳಿ ಮಧ್ಯಮ. ಆಲ್ಕೋಹಾಲ್ ಶೇ 13ರ ಸುತ್ತ. ನಿಮ್ಮ "ಒಣ ಸೊಪ್ಪು" ನನಗೆ ಇದನ್ನೇ ನೆನಪಿಸಿತು.

ಆದರೆ ಮಾಲಗೂಸಿಯಾದ ಕೊನೆ ದುಂಡಗೆ, ಮೃದುವಾಗಿ ಇರುತ್ತದೆ. ಕಿತ್ತಳೆ ಸಿಪ್ಪೆಯ ಕಹಿ ಅಷ್ಟು ಎದ್ದು ಕಾಣುವುದಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ಟೊರೊಂಟೆಸ್ ಮೊದಲು, ಮಾಲಗೂಸಿಯಾ ಎರಡನೆಯದು.

ಕಾಡುಮಲ್ಲಿಗೆ

ಲಿಚಿ ಇಲ್ಲ, ಎಣ್ಣೆ ಇಲ್ಲ ಅಂದ ಮೇಲೆ ನಾನೂ ಟೊರೊಂಟೆಸ್‌ಗೆ ಬರುತ್ತೇನೆ. ಆ ಕಹಿ ಎಲ್ಲಿಂದ ಬರುತ್ತದೆ ಅಂತ ಯಾರಾದರೂ ಹೇಳುತ್ತೀರಾ? ಹುಳಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಹಿಯನ್ನು ಯಾರೂ ಸರಿಯಾಗಿ ಅಳೆಯುವುದಿಲ್ಲ.

ರಸಾಯನಪ್ರಿಯ

ಮುಖ್ಯವಾಗಿ ಸಿಪ್ಪೆಯಿಂದ. ಟರ್ಪೀನ್‌ಗಳಲ್ಲಿ ದೊಡ್ಡ ಪಾಲು ಸಿಪ್ಪೆಯಲ್ಲಿ, ಸಿಪ್ಪೆಯ ಒಳಪದರದಲ್ಲಿ ಇರುತ್ತದೆ. ಘಮ ಬೇಕು ಅಂದರೆ ರಸವನ್ನು ಸಿಪ್ಪೆಯ ಜೊತೆ ಸ್ವಲ್ಪ ಹೊತ್ತು ಬಿಡಬೇಕು, ಇಲ್ಲವೇ ಗಟ್ಟಿಯಾಗಿ ಹಿಂಡಬೇಕು. ಆಗ ಘಮದ ಜೊತೆ ಫಿನಾಲ್‌ಗಳೂ ಬರುತ್ತವೆ. ಕಹಿ, ಒಗರು ಅವುಗಳದ್ದು. ಘಮ ಜೋರಾಗಿರುವ ಎಷ್ಟೋ ಬಿಳಿ ವೈನ್‌ಗಳಲ್ಲಿ ಕೊನೆಯ ಕಹಿ ಕಾಣಿಸುವುದಕ್ಕೆ ಇದೊಂದು ಕಾರಣ.

ಟೊರೊಂಟೆಸ್‌ಗೆ ಹೆಸರಾದ ಜಾಗ ಸಾಲ್ಟಾ ಪ್ರಾಂತ್ಯದ ಕಫಾಯಾತೆ. ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಎತ್ತರ. ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ಅಷ್ಟು ಎತ್ತರದಲ್ಲಿ ಅತಿನೇರಳೆ ಕಿರಣಗಳು ಜಾಸ್ತಿ, ದ್ರಾಕ್ಷಿಯ ಸಿಪ್ಪೆ ದಪ್ಪವಾಗುತ್ತದೆ. ರಾತ್ರಿಯ ಚಳಿ ಹುಳಿಯನ್ನು ಉಳಿಸುತ್ತದೆ. ಬಿಸಿಲಿನಿಂದ ಸಕ್ಕರೆ ಏರುತ್ತದೆ, ಅದು ಪೂರ್ತಿ ಹುದುಗಿದರೆ ಆಲ್ಕೋಹಾಲ್ ಆಗುತ್ತದೆ. ಸಂಜೆಗಾಳಿ ಬರೆದ ಮಧ್ಯಮ ಹುಳಿ, ಗಂಟಲಿನ ಬಿಸಿ, ಕೊನೆಯ ಕಹಿ ಮೂರಕ್ಕೂ ಆ ಜಾಗದಲ್ಲಿ ಕಾರಣ ಸಿಗುತ್ತದೆ.

ಸಂಜೆಗಾಳಿ

ಉತ್ತರ ಬಂತು. ಟೊರೊಂಟೆಸ್, ಕಫಾಯಾತೆಯದೇ. ಲೇಬಲ್ ಮೇಲೆ ಶೇ 13.5 ಇದೆ. ಎಲ್ಲರಿಗೂ ಧನ್ಯವಾದ. ಬಾಯಲ್ಲಿ ಎಷ್ಟು ದಪ್ಪ ಅನ್ನುವ ಪ್ರಶ್ನೆಯನ್ನು ಈಗ ಗುಂಪಿನ ಟಿಪ್ಪಣಿ ಹಾಳೆಯಲ್ಲಿ ಸೇರಿಸಿದ್ದೇವೆ.

ಹೊಸಚಿಗುರು

ಓದಿ ತುಂಬಾ ಕಲಿತೆ. ನಾನು ಈಗಷ್ಟೇ ಶುರು ಮಾಡಿದ್ದೇನೆ. ರೀಸ್ಲಿಂಗ್ ಹೆಸರನ್ನು ಇಲ್ಲಿ ಯಾರೂ ಎತ್ತಲಿಲ್ಲ. ಅದೂ ಘಮದ ತಳಿಯೇ ಅಲ್ವಾ? ಇನ್ನೊಂದು ಸಂದೇಹ: ವೈನ್ ಸ್ವಲ್ಪ ಸಿಹಿಯಾಗಿದ್ದರೆ ಹುಳಿ ಎಷ್ಟಿದೆ ಅಂತ ನನಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಏನು ಮಾಡಬೇಕು?

ಹುಳಿರಸ

ಇದು ನನಗೆ ಬಹಳ ಪ್ರೀತಿಯ ವಿಷಯ.

ರೀಸ್ಲಿಂಗ್ ಖಂಡಿತ ಘಮದ ತಳಿ. ಅದರಲ್ಲೂ ಟರ್ಪೀನ್‌ಗಳಿವೆ, ಆದರೆ ಮಸ್ಕಟ್‌ನಷ್ಟು ಇಲ್ಲ. ಅದರ ಹೂವಿನ ಘಮ ತೆಳ್ಳಗೆ, ನಿಂಬೆ ಮತ್ತು ಹಸಿರು ಸೇಬಿನ ಹಿಂದೆ ಇರುತ್ತದೆ. ಕೆಲವದರಲ್ಲಿ ಸೀಮೆಎಣ್ಣೆಯ ವಾಸನೆ ಬರುತ್ತದೆ. ಅದಕ್ಕೆ ಕಾರಣ ಟಿಡಿಎನ್ ಎಂಬ ಅಣು. ಬಾಟಲಿಯಲ್ಲಿ ವರ್ಷ ಕಳೆದಂತೆ ಜಾಸ್ತಿಯಾಗುತ್ತದೆ. ಗೊಂಚಲಿಗೆ ಬಿಸಿಲು ಚೆನ್ನಾಗಿ ಬಿದ್ದಿದ್ದರೆ ಎಳೆಯ ವೈನ್‌ನಲ್ಲೇ ಕಾಣಿಸಬಹುದು. ಆಸ್ಟ್ರೇಲಿಯಾದ ಕ್ಲೇರ್ ಮತ್ತು ಈಡನ್ ಕಣಿವೆಯ ರೀಸ್ಲಿಂಗ್‌ನಲ್ಲಿ ಇದು ನಿಂಬೆಯ ಜೊತೆ ಸೇರಿಕೊಂಡು ಬರುತ್ತದೆ.

ಆದರೆ ರೀಸ್ಲಿಂಗ್ ಗುರುತಿಸಲು ನಿಜವಾದ ಆಧಾರ ಹುಳಿ. ಲೀಟರಿಗೆ 7ರಿಂದ 9 ಗ್ರಾಂ ಹುಳಿ ಅದರಲ್ಲಿ ಸಾಮಾನ್ಯ. ಗೆವುರ್ಟ್ಸ್‌ಟ್ರಾಮಿನರ್ ಎಷ್ಟೋ ಸಲ 5ರ ಸುತ್ತ ಇರುತ್ತದೆ. ಎರಡನ್ನೂ ಒಂದಾದ ಮೇಲೊಂದು ಕುಡಿದರೆ ಮರೆಯಲು ಸಾಧ್ಯವೇ ಇಲ್ಲ.

ಸಿಹಿಯ ಹಿಂದೆ ಅಡಗಿದ ಹುಳಿಯನ್ನು ಹಿಡಿಯಲು ರುಚಿಯನ್ನು ನಂಬಬೇಡಿ, ಜೊಲ್ಲನ್ನು ನಂಬಿ. ಗುಟುಕನ್ನು ಉಗುಳಿದ ಮೇಲೆ ತಲೆ ಸ್ವಲ್ಪ ಬಗ್ಗಿಸಿ, ಬಾಯಿ ಮುಚ್ಚಿಕೊಂಡು ಕಾಯಿರಿ. ಹುಳಿ ಜಾಸ್ತಿ ಇದ್ದರೆ ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ ಜೊಲ್ಲು ಸುರಿಯುತ್ತದೆ, ಬೇಗ ನಿಲ್ಲುವುದಿಲ್ಲ. ಸಕ್ಕರೆ ಹುಳಿಯ ರುಚಿಯನ್ನು ಮರೆಮಾಚುತ್ತದೆ, ಈ ಜೊಲ್ಲನ್ನು ಅಷ್ಟು ಸುಲಭವಾಗಿ ಮರೆಮಾಚಲು ಆಗುವುದಿಲ್ಲ. ಜರ್ಮನಿಯ ಮೋಸೆಲ್‌ನ ಕಾಬಿನೆಟ್ ವೈನ್‌ನಿಂದ ಇದನ್ನು ಕಲಿಯಿರಿ. ಆಲ್ಕೋಹಾಲ್ ಶೇ 8-9 ಅಷ್ಟೇ. ಸಿಹಿ ಸ್ಪಷ್ಟವಾಗಿದೆ. ಆದರೂ ಬಾಯಿ ತೊಳೆದ ಹಾಗೆ ಚೊಕ್ಕಟವಾಗುತ್ತದೆ.

ಹಳೇಬಾಟಲಿ

ಇದಕ್ಕೆ ಶೊಯ್‌ರೇಬೆ ಸೇರಿಸಬೇಕು. 1916ರಲ್ಲಿ ಗೇಯಾರ್ಗ್ ಶೊಯ್ ರೀಸ್ಲಿಂಗ್‌ನಿಂದಲೇ ಬೆಳೆಸಿದ ಜರ್ಮನ್ ತಳಿ. ಹುಳಿ ನೋಡಿ ರೀಸ್ಲಿಂಗ್ ಅಂದುಕೊಳ್ಳುತ್ತೀರಿ, ಆದರೆ ಗ್ರೇಪ್‌ಫ್ರೂಟ್ ಮತ್ತು ಬ್ಲ್ಯಾಕ್‌ಕರಂಟ್ ಘಮ ಬರುತ್ತದೆ. ರಸಾಯನಪ್ರಿಯ ಹೇಳಿದ 1997ರ ಅಧ್ಯಯನದಲ್ಲಿ ಗೆವುರ್ಟ್ಸ್‌ಟ್ರಾಮಿನರ್ ಜೊತೆ ಪರೀಕ್ಷಿಸಿದ್ದು ಇದನ್ನೇ. ಇದರಲ್ಲಿ ಮುಖ್ಯವಾದದ್ದು ಒಂದು ಥಯಾಲ್. ಹಾಗಾಗಿ ನಾನು ಮೊದಲು ಹೇಳಿದ ಕುಟುಂಬದ ಗೆರೆ ಎಲ್ಲ ಕಡೆ ನೇರವಾಗಿಲ್ಲ.

ಸ್ಪೇನಿನ ರಿಯಾಸ್ ಬೈಶಾಸ್‌ನ ಅಲ್ಬರೀನ್ಯೋ ಕೂಡ ಮೂಗಿನಲ್ಲಿ ಪೀಚ್ ತೋರಿಸಿ ವಿಯೊನ್ಯೇ ಅನಿಸುವಂತೆ ಮಾಡಬಹುದು. ಅಲ್ಲೂ ಹುಳಿ ನೋಡಿದರೆ ಸಾಕು. ಅಲ್ಬರೀನ್ಯೋ ಚುರುಕು, ವಿಯೊನ್ಯೇ ಮೆತ್ತಗೆ.

ಹೊಸಚಿಗುರು

ಎಷ್ಟೋ ಬಿಳಿ ವೈನ್‌ಗಳಲ್ಲಿ ನನಗೆ ಬಾಳೆಹಣ್ಣು, ಪೇರಳೆ ಮಿಠಾಯಿ ಥರದ ವಾಸನೆ ಬರುತ್ತದೆ. ಅದು ಯಾವ ತಳಿಯ ಗುರುತು?

ರಸಾಯನಪ್ರಿಯ

ಯಾವ ತಳಿಯದೂ ಅಲ್ಲ. ಅದು ಯೀಸ್ಟ್‌ನ ಕೆಲಸ. ತಣ್ಣಗೆ ಹುದುಗಿಸಿದಾಗ ಐಸೋಅಮೈಲ್ ಅಸಿಟೇಟ್‌ನಂಥ ಎಸ್ಟರ್‌ಗಳು (ಹಣ್ಣಿನ ವಾಸನೆಯ ಅಣುಗಳು) ವೈನ್‌ನಲ್ಲಿ ಚೆನ್ನಾಗಿ ಉಳಿಯುತ್ತವೆ. ತೀರಾ ಎಳೆಯ ವೈನ್‌ನಲ್ಲಿ ಜೋರು, ಆಮೇಲೆ ಇಳಿದುಹೋಗುತ್ತವೆ. ತಳಿ ಹುಡುಕುವಾಗ ಆ ವಾಸನೆಯನ್ನು ಪಕ್ಕಕ್ಕಿಟ್ಟು ಅದರ ಹಿಂದೆ ಏನಿದೆ ನೋಡಿ. ಹಿಂದೆ ಏನೂ ಇಲ್ಲದಿದ್ದರೆ ಅದು ಬಹುಶಃ ಘಮದ ತಳಿಯೇ ಅಲ್ಲ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲಿನಲೂಲ್ ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ, ಒಂದು ಪಾಲು ಮಂದ ವಾಸನೆಯ ಬೇರೆ ಟರ್ಪೀನ್ ಆಗಿ ಬದಲಾಗುತ್ತದೆ. ಹಳೆಯ ಒಣ ಮಸ್ಕಟ್, ಹಳೆಯ ಟೊರೊಂಟೆಸ್ ಎರಡೂ ಮೂಕವಾಗಿಬಿಡುತ್ತವೆ. ಇವನ್ನು ಎಳೆಯದಾಗಿದ್ದಾಗಲೇ ಕುಡಿಯಬೇಕು.

ಇನ್ನೊಂದು ವಿಷಯ. ಎಲ್ಲರ ಮೂಗೂ ಒಂದೇ ಅಲ್ಲ. ಕರಿಮೆಣಸಿನ ಘಮ ಕೊಡುವ ರೊಟಂಡೋನ್ ಅನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ವೈನ್‌ನಲ್ಲಿ ಗುರುತಿಸಿದರು. ಪರೀಕ್ಷೆಯಲ್ಲಿದ್ದವರಲ್ಲಿ ಸುಮಾರು ಶೇ 20 ಜನರಿಗೆ ಎಷ್ಟು ಬೆರೆಸಿ ಕೊಟ್ಟರೂ ಆ ವಾಸನೆ ಬರಲೇ ಇಲ್ಲ. ಆಸ್ಟ್ರಿಯಾದ ಗ್ರೂನರ್ ವೆಲ್ಟ್‌ಲಿನರ್‌ನಲ್ಲಿ ಎಲ್ಲರೂ ಮೆಣಸು ಅಂತಿದ್ದಾಗ ನಿಮಗೆ ಸಿಗದಿದ್ದರೆ ಅದು ಅಭ್ಯಾಸದ ಕೊರತೆ ಆಗಿರಬೇಕಿಲ್ಲ. ಆ ತಳಿಯನ್ನು ನೀವು ಹುಳಿಯಿಂದ, ಮೈಯಿಂದ ಕಲಿಯಬೇಕು.

ಸಂಜೆಗಾಳಿ

ನಮ್ಮ ಗುಂಪಿನಲ್ಲಿ ಇಬ್ಬರು ಮಾಸ್ಟರ್ ಸೊಮೆಲಿಯೇ (ವೈನ್ ಪರಿಣತರ) ಪರೀಕ್ಷೆಯ ತಯಾರಿಯಲ್ಲಿದ್ದಾರೆ. ಅದರಲ್ಲಿ 25 ನಿಮಿಷಕ್ಕೆ ಆರು ವೈನ್. ಒಂದು ಲೋಟಕ್ಕೆ ನಾಲ್ಕು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಇಷ್ಟೆಲ್ಲ ಯೋಚಿಸಬೇಕು. ಟರ್ಪೀನ್ ತಳಿಗಳಿಗೆ ಅಂತಲೇ ಒಂದು ಅಭ್ಯಾಸ ಇಟ್ಟುಕೊಳ್ಳೋಣ ಅಂತಿದ್ದೇವೆ. ಯಾವ ವೈನ್‌ಗಳನ್ನು ಇಡಬೇಕು?

ಹಳೇಬಾಟಲಿ

ಅಲ್ಸೇಸ್‌ನ ಗೆವುರ್ಟ್ಸ್‌ಟ್ರಾಮಿನರ್, ಅಲ್ಸೇಸ್‌ನ ಒಣ ಮಸ್ಕಟ್, ಕಫಾಯಾತೆಯ ಟೊರೊಂಟೆಸ್, ಒಂದು ವಿಯೊನ್ಯೇ. ನಾಲ್ಕೂ ಎಳೆಯದಿರಲಿ, ಓಕ್ ಮರದ ಪೀಪಾಯಿ ಸೋಕದಿರಲಿ.

ಮೊದಲ ಸುತ್ತಿನಲ್ಲಿ ಮೂಸಬೇಡಿ. ಮೂಗು ಹಿಡಿದುಕೊಂಡು ಕುಡಿಯಿರಿ. ವಿಚಿತ್ರ ಅನಿಸಬಹುದು, ಆದರೆ ಮಾಡಿ ನೋಡಿ. ಘಮ ಇಲ್ಲದಾಗ ಉಳಿಯುವುದು ಹುಳಿ, ಸಿಹಿ, ಬಿಸಿ, ದಪ್ಪ, ಕಹಿ ಮಾತ್ರ. ಅಷ್ಟರಿಂದಲೇ ನಾಲ್ಕನ್ನೂ ಸಾಲಾಗಿ ಜೋಡಿಸಲು ಪ್ರಯತ್ನಿಸಿ. ಎರಡನೇ ಸುತ್ತಿನಲ್ಲಿ ಮೂಗು ಬಿಡಿ. ಆಗ ಘಮ ನಿಮ್ಮ ತೀರ್ಮಾನವನ್ನು ಎಲ್ಲಿ ಬದಲಿಸುತ್ತದೆ ಅಂತ ಬರೆದುಕೊಳ್ಳಿ.

ಹುಳಿರಸ

ಎಲ್ಲ ಲೋಟಗಳೂ ಒಂದೇ ಉಷ್ಣತೆಯಲ್ಲಿರಲಿ, 10ರಿಂದ 12 ಡಿಗ್ರಿ. ಅದಕ್ಕಿಂತ ತಣ್ಣಗಿದ್ದರೆ ಘಮ ಮುದುಡುತ್ತದೆ, ಕಹಿ ಎದ್ದು ಕಾಣುತ್ತದೆ. ಆಗ ಎಲ್ಲವೂ ಟೊರೊಂಟೆಸ್ ಅನಿಸುತ್ತದೆ. ಬೆಚ್ಚಗಾದರೆ ಆಲ್ಕೋಹಾಲ್ ಮುಂದೆ ಬಂದು ಎಲ್ಲವೂ ಗೆವುರ್ಟ್ಸ್‌ಟ್ರಾಮಿನರ್ ಅನಿಸುತ್ತದೆ.

ಕಾಡುಮಲ್ಲಿಗೆ

ಸಾಧ್ಯವಾದರೆ ಐದನೇ ಲೋಟಕ್ಕೆ ಆಲ್ಟೊ ಆಡಿಜೆಯ ಗೆವುರ್ಟ್ಸ್‌ಟ್ರಾಮಿನರ್ ಸುರಿಯಿರಿ, ಟೊರೊಂಟೆಸ್ ಪಕ್ಕದಲ್ಲೇ ಇಡಿ. ಕಪ್ಪು ಲೋಟ ಇದ್ದರೆ ಇನ್ನೂ ಒಳ್ಳೆಯದು. ಪರೀಕ್ಷೆಗೆ ಓದುತ್ತಿರುವ ಇಬ್ಬರಿಗೂ ಅದೇ ಜೋಡಿಯನ್ನು ಮೊದಲು ಕೊಡಿ.